ಕ್ಲಿಕ್ ಇಲ್ಲದ ಮಾತಿನ ಹಲಗೆ: ಒಂದೇ ಪದ ಮೂರು ಸಲ, ಶುರುವಿಗೆ ದನಿಯೇ ಇಲ್ಲ

ಬನಶಂಕರಿ_ಕೋಡರ್:
ಬೆಂಗಳೂರಿನ ಒಂದು ಥೆರಪಿ ಸೆಂಟರ್‌ಗೆ ಕನ್ನಡ ಮಾತಿನ ಹಲಗೆ. ಕ್ರೋಮ್‌ನಲ್ಲಿ ತೆರೆಯುವ ಒಂದೇ ಪುಟ, 12 ಚೌಕ: ನೀರು, ಊಟ, ನೋವು, ಸಾಕು... ಒಂದೊಂದಕ್ಕೂ ರೆಕಾರ್ಡ್ ಮಾಡಿದ ದನಿ. ಬಳಸುವ ಹುಡುಗನಿಗೆ ಅಥೆಟಾಯ್ಡ್ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ತಾವಾಗೇ ನಿಧಾನವಾಗಿ ತಿರುಚಿಕೊಳ್ಳುತ್ತೆ. ಟ್ರ್ಯಾಕ್‌ಬಾಲ್ (ಚೆಂಡಿನಿಂದ ಪಾಯಿಂಟರ್ ಓಡಿಸುವ ಮೌಸ್) ಉರುಳಿಸ್ತಾನೆ, ಬಟನ್ ಒತ್ತೋಕೆ ಆಗಲ್ಲ. ಪಾಯಿಂಟರ್ 800 ಮಿಲಿಸೆಕೆಂಡ್ ನಿಂತರೆ ಪದ ಕೇಳಿಸಬೇಕು. ತೊಂದರೆ ಮೂರು: ಒಂಚೂರು ಆಚೆ ಜಾರಿದರೂ ಟೈಮರ್ ಮೊದಲಿಂದ, ಅಲ್ಲೇ ಉಳಿದರೆ "ನೀರು ನೀರು ನೀರು", ಬೆಳಿಗ್ಗೆ ಪುಟ ತೆರೆದಾಗ ದನಿಯೇ ಇಲ್ಲ, ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಸರಿಯಾಗಿದೆ.

ಎಸ್ಪಿ_ರೋಡ್_ಗಿರಾಕಿ:
ಮೂರನೆಯದು ನಿಮ್ಮ ಕೋಡಿನ ತಪ್ಪಲ್ಲ. ಕ್ರೋಮ್ 66ರಿಂದ (2018) ಬಳಕೆದಾರ ಪುಟವನ್ನು ಮುಟ್ಟದೆ ದನಿ ಹೊರಡಲು ಸಾಮಾನ್ಯವಾಗಿ ಬಿಡಲ್ಲ. ಕ್ಲಿಕ್ ಅಥವಾ ಕೀ ಒತ್ತಿದ್ದು ಲೆಕ್ಕಕ್ಕೆ ಬರುತ್ತೆ, ಪಾಯಿಂಟರ್ ಓಡಾಡಿದ್ದು ಬರಲ್ಲ. ಜಾವಾಸ್ಕ್ರಿಪ್ಟ್‌ನಿಂದ ಕ್ಲಿಕ್ ಕರೆದರೂ ಅಷ್ಟೇ. ಪರೀಕ್ಷೆ ಮಾಡುವಾಗ ನೀವು ಎಲ್ಲೋ ಕ್ಲಿಕ್ ಮಾಡಿರ್ತೀರಿ, ಅದಕ್ಕೇ ನಿಮ್ಮಲ್ಲಿ ಕೇಳಿಸುತ್ತೆ. ಪುಟ ತೆರೆದ ಮೇಲೆ ಸೆಂಟರಿನ ಆಯಾ ಒಮ್ಮೆ ಸ್ಪೇಸ್‌ಬಾರ್ ಒತ್ತಲಿ. ರಿಲೋಡ್ ಆಗುವವರೆಗೆ ಸಾಕು. ಇಲ್ಲವೇ, ಕಂಪ್ಯೂಟರ್‌ನಲ್ಲಿ ಉಬುಂಟು ಇದ್ದರೆ, ಅದರ ಗ್ನೋಮ್ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಹೋವರ್ ಕ್ಲಿಕ್ (ಪಾಯಿಂಟರ್ ನಿಂತರೆ ತಾನೇ ಕ್ಲಿಕ್ ಆಗುವ ಸೌಲಭ್ಯ) ಹಾಕಿ. ಆ ಕ್ಲಿಕ್ ಬ್ರೌಸರ್‌ಗೆ ಅಸಲಿ ಕ್ಲಿಕ್ಕೇ.

ಇನ್ನು ಟೈಮರ್. ಅದನ್ನು ಬಿಸಾಕಿ, ತೂತು ಲೋಟ ಅಂದ್ಕೊಳ್ಳಿ. ಪಾಯಿಂಟರ್ ಚೌಕದ ಒಳಗಿದ್ದಾಗ ತುಂಬಲಿ, ಪೂರ್ತಿ ತುಂಬಿದರೆ ಪದ ಕೇಳಿಸಲಿ, ಆಚೆ ಹೋದಾಗ ಅರ್ಧ ವೇಗದಲ್ಲಿ ಸೋರಲಿ, ಒಮ್ಮೆಲೇ ಸೊನ್ನೆ ಬೇಡ. ಎಲ್ಲೆಯೂ ಎರಡಿರಲಿ: ಒಳ ಬರೋಕೆ ಚೌಕದ ಅಂಚು, ಹೊರ ಹೋಗೋಕೆ ಅದಕ್ಕಿಂತ 16 ಪಿಕ್ಸೆಲ್ ಆಚೆ. ಚೌಕಗಳ ನಡುವೆ 40 ಪಿಕ್ಸೆಲ್ ಬಿಟ್ಟರೆ ಹೊರ ಎಲ್ಲೆಗಳು ಒಂದರ ಮೇಲೊಂದು ಬೀಳಲ್ಲ. ಪಾಯಿಂಟರ್ ಅಲ್ಲಾಡದೆ ನಿಂತರೆ ಮೂವ್ ಈವೆಂಟೇ (ಪಾಯಿಂಟರ್ ಸರಿದ ಸುದ್ದಿ) ಪುಟಕ್ಕೆ ಬರಲ್ಲ, ಹಾಗಾಗಿ ಕೊನೆಯ ಜಾಗ ನೆನಪಿಟ್ಟು, ಪರದೆ ಹೊಸದಾಗಿ ಮೂಡುವ ಪ್ರತಿ ಫ್ರೇಮ್‌ನಲ್ಲೂ ಲೆಕ್ಕ ಹಾಕಿ. ಬೇರೆ ಟ್ಯಾಬ್‌ಗೆ ಹೋಗಿ ಬಂದರೆ ಫ್ರೇಮ್‌ಗಳ ನಡುವಿನ ಸಮಯ ದೊಡ್ಡದಾಗಿ ಲೋಟ ಒಂದೇ ಏಟಿಗೆ ತುಂಬಿಬಿಡುತ್ತೆ. ಆ ಸಮಯವನ್ನು 50 ಮಿಲಿಸೆಕೆಂಡ್‌ಗೆ ಮಿತಿ ಹಾಕಿ.

ಪದ ಕೇಳಿಸಿದ ಚೌಕಕ್ಕೆ ಬೀಗ. ಹೊರ ಎಲ್ಲೆ ದಾಟಿ ಅರ್ಧ ಸೆಕೆಂಡ್ ಆಚೆ ಇದ್ದಮೇಲೇ ಬೀಗ ತೆಗೀರಿ, ಸುಮ್ಮನೆ ದಾಟಿದ್ದಕ್ಕೆ ತೆಗೆದರೆ ಅವನ ಜಾರಿಕೆಯೇ ಮತ್ತೆ "ನೀರು" ಅನ್ನಿಸುತ್ತೆ. ಪರದೆಯ ನಡುವೆ ಏನೂ ಆಗದ ಒಂದು ಖಾಲಿ ಜಾಗವೂ ಬೇಕು, ಕೈಗೆ ವಿಶ್ರಾಂತಿ ಸಿಗಲಿ.

ಬನಶಂಕರಿ_ಕೋಡರ್:
ಬೀಗ, ದನಿ ಎರಡೂ ಸರಿ ಆಯ್ತು ಸರ್. ಈಗ ದಾರಿಯಲ್ಲಿ ಸಿಗುವ ಚೌಕಗಳೂ ತುಂಬ್ತಿವೆ. ಪಾಯಿಂಟರ್‌ನ ಅಲುಗಾಟ ಸವರುವ ಸ್ಮೂತಿಂಗ್ ಫಿಲ್ಟರ್ ಹಾಕಲಾ?

ಎಸ್ಪಿ_ರೋಡ್_ಗಿರಾಕಿ:
ಬೇಡ. ಪಾರ್ಕಿನ್ಸನ್‌ನ 4–6 ಹರ್ಟ್ಸ್ ನಡುಕಕ್ಕೆ ಫಿಲ್ಟರ್ ಹೊಂದುತ್ತೆ. ಈ ಹುಡುಗನ ಅಥೆಟೋಸಿಸ್ ಚಲನೆ ನಿಧಾನ, ದೊಡ್ಡದು. ಅದನ್ನು ಫಿಲ್ಟರ್ ಮಾಡಿದರೆ ಅವನು ಬೇಕೆಂದೇ ಮಾಡಿದ ಚಲನೆಯೂ ತಡವಾಗುತ್ತೆ. ಚೌಕಕ್ಕೆ ಬಂದ ಮೊದಲ 200 ಮಿಲಿಸೆಕೆಂಡ್ ಲೋಟ ತುಂಬಬೇಡಿ, ಒಂದು ಹೊತ್ತಿಗೆ ಒಂದೇ ಲೋಟ ತುಂಬಲಿ. 800 ಕಡಿಮೆಯಾಯ್ತು, 1500ರಿಂದ ಶುರು ಮಾಡಿ, ತಪ್ಪು ಪದ ಹೆಚ್ಚಾಗದಿದ್ದರೆ 100ರಂತೆ ಇಳಿಸಿ. ಪಾಯಿಂಟರ್ ಆಕ್ಸಿಲರೇಶನ್ (ಬೇಗ ಉರುಳಿಸಿದಷ್ಟೂ ಪಾಯಿಂಟರ್ ಹೆಚ್ಚು ದೂರ ಓಡುವುದು) ಆಫ್ ಮಾಡಿಯೂ ನೋಡಿ.

ಕೆಂಗೇರಿ_ಲಿಪಿ:
ಮುಂದೆ ಕೀಬೋರ್ಡ್ ಸೇರಿಸುವ ಯೋಚನೆ ಇದ್ದರೆ ಇನ್‌ಸ್ಕ್ರಿಪ್ಟ್ (ಭಾರತೀಯ ಭಾಷೆಗಳ ಪ್ರಮಾಣಿತ ಕೀಬೋರ್ಡ್) ವಿನ್ಯಾಸವನ್ನು ಹಾಗೇ ಪರದೆಗೆ ತರಬೇಡಿ. "ಸ್ತ್ರೀ" ಬರೆಯೋಕೆ ಸ, ಅರ್ಧಾಕ್ಷರದ ಚಿಹ್ನೆ, ತ, ಮತ್ತೆ ಚಿಹ್ನೆ, ರ, ಈತ್ವ: ಆರು ಆಯ್ಕೆ. ತಲಾ 1.2 ಸೆಕೆಂಡ್ ಅಂದರೂ ಬರೀ ನಿಲ್ಲೋಕೇ 7.2 ಸೆಕೆಂಡ್. ವ್ಯಂಜನದ ಮೇಲೆ ನಿಂತಾಗ ಅದರ ಕಾಗುಣಿತ ಸುತ್ತಲೂ ಬಿಚ್ಚಿಕೊಳ್ಳಲಿ, ಒತ್ತಕ್ಷರಕ್ಕೆ ಅಲ್ಲೇ ಒಂದು ಮನೆ ಇಡಿ. "ಎಲ್ಲ ಅಳಿಸು" ಮಾತ್ರ ದೂರದ ಮೂಲೆಯಲ್ಲಿರಲಿ, ಅದರ "ಹೌದು" ಎದುರಿನ ಮೂಲೆಯಲ್ಲಿ.