ಮ್ಯಾಕ್‌ಗೆ ಹಚ್ಚಿದ ಹಾರ್ಡ್ ಡಿಸ್ಕ್ ವಿಂಡೋಸ್‌ದಾಗ ಫಾರ್ಮ್ಯಾಟೇ ಆಗವಲ್ದು, ಏನ್ ಮಾಡ್ಲಿ?

ಕಲಬುರಗಿ ವಿಡಿಯೋ
ಎಲ್ಲರಿಗೂ ಶರಣ್ರಿ. ನಂದು ಮದುವಿ ಶೂಟಿಂಗ್ ಕೆಲಸ. 1 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್ ಒಂದದ, ನಾಕು ವರ್ಷ ಎಡಿಟಿಂಗ್ ಮಾಡವರ ಮ್ಯಾಕ್‌ಗೇ ಹಚ್ಚಿದ್ದು, ಈಗ ತಂಗಿ ಮಗಳು ಡಿಗ್ರಿಗಿ ಹೊಂಟಾಳ ಅಕಿಗಿ ಕೊಡಮಂತ ನನ್ನ ವಿಂಡೋಸ್ ಕಂಪ್ಯೂಟರ್‌ಗೆ ಹಚ್ಚಿದ್ರ ಕಾಣಂಗೇ ಇಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ದಾಗ 200 ಎಂಬಿದು ಒಂದು ಸಣ್ಣ ಪಾರ್ಟಿಷನ್, ಬಾಜು ದೊಡ್ಡದೊಂದು. ದೊಡ್ಡದು ಡಿಲೀಟ್ ಆಯ್ತು, ಸಣ್ಣದರ ಮ್ಯಾಲ ರೈಟ್ ಕ್ಲಿಕ್ ಮಾಡಿದ್ರ ಡಿಲೀಟ್ ಅನ್ನೋದು ಮಸುಕಾಗಿ ಬರ್ತದ, ಒತ್ತಾಕೇ ಬರಲ್ದು. ಇನ್ನೊಂದು, ಇದರಾಗ ಮಂದಿ ಮನಿ ಮದುವಿ ಅವ ನೋಡ್ರಿ, ಅರಿಶಿಣದ್ದು, ಹೆಣ್ಮಕ್ಕಳ ಫೋಟೋ ಎಲ್ಲ. ಅವರು ನಂಬಿ ಕೊಟ್ಟಿದ್ದು, ಒಂದೂ ಉಳೀಬಾರದು. ಬೇಕಾದ್ದು ಬ್ಯಾರೆ ಕಡಿ ಕಾಪಿ ಮಾಡೀನಿ.

ಬೀದರ್ ಕೋಟಿ
ಅಣ್ಣಾ, ಅದು ಇಎಫ್ಐ ಪಾರ್ಟಿಷನ್, ಕಂಪ್ಯೂಟರ್ ಚಾಲೂ ಆಗೋ ಫೈಲ್‌ಗೋಳಿಗಿ ಅಂತ ತೆಗೆದಿಟ್ಟ ಜಾಗ, ಮ್ಯಾಕ್ ತಾನೇ ಮಾಡಿರ್ತದ, ವಿಂಡೋಸ್ ಅದನ್ನ ಮೌಸ್‌ಲಿಂದ ಮುಟ್ಟಾಕ ಬಿಡಲ್ಲ. ಕಮಾಂಡ್ ಪ್ರಾಂಪ್ಟ್ ಅಡ್ಮಿನಿಸ್ಟ್ರೇಟರ್ ಆಗಿ ತೆಗೀರಿ, ಡಿಸ್ಕ್‌ಪಾರ್ಟ್ ಅಂತ ಹೊಡೀರಿ, ಆಮ್ಯಾಲ ಲಿಸ್ಟ್ ಡಿಸ್ಕ್. 1 ಟಿಬಿದು ಅಲ್ಲಿ 931 ಜಿಬಿ ಅಂತ ತೋರಿಸ್ತದ, ಅದರ ನಂಬರ್ ಸೆಲೆಕ್ಟ್ ಮಾಡಿ ಕ್ಲೀನ್ ಅನ್ರಿ. ಬ್ಯಾರೆ ಡಿಸ್ಕ್, ಪೆನ್‌ಡ್ರೈವ್ ಎಲ್ಲ ಮೊದಲೇ ಬಿಚ್ಚಿಡ್ರಿ. ನಾ ಒಮ್ಮೆ ಅವಸರದಾಗ 2ರ ಬದ್ಲಿ 1 ಹೊಡ್ದು ಅಪ್ಪನ ಹಳೇ ಫೋಟೋ ಇದ್ದ ಡಿಸ್ಕ್ ಖಾಲಿ ಮಾಡ್ದೆ, ಅವು ಮತ್ತ ಸಿಗ್ಲಿಲ್ಲ. ಅದಕ್ಕೇ ಹೇಳ್ತೀನಿ, ಎಂಟರ್ ಹೊಡಿಯಾಕ ಮುಂಚೆ ನಂಬರ್ ಎರಡು ಸಲ ನೋಡ್ರಿ.

ಕಲಬುರಗಿ ವಿಡಿಯೋ
ಹಂಗೇ ಮಾಡ್ದೆ ತಮ್ಮಾ, ಕ್ಲೀನ್ ಅಂದ ಕೂಡ್ಲೆ ಐ/ಒ ಡಿವೈಸ್ ಎರರ್ ಅಂತು. ಡಿಸ್ಕ್‌ನೇ ಹೋಗ್ಯದೇನು?

ಶಹಾಪುರ ರಿಪೇರಿ
ಗಡಬಡಿ ಮಾಡಬ್ಯಾಡ್ರಿ. ಸಿಪಿಯು ಮುಂದಿನ ಪೋರ್ಟಿಗಿ ಹಚ್ಚೀರೇನು? ಹಿಂದ ಮದರ್‌ಬೋರ್ಡ್‌ದಾಗಿನ ನೀಲಿ ಯುಎಸ್‌ಬಿ 3.0ಕ್ಕ ಹಚ್ಚಿ, ಕೇಬಲ್ ಬದಲಿ ಮಾಡಿ ನೋಡ್ರಿ. 2.0 ಪೋರ್ಟ್ 500 ಮಿಲಿಆಂಪ್ ಕೊಡ್ತದ, 3.0 ಆದ್ರ 900, ಕರೆಂಟ್ ಕಮ್ಮಿ ಬಿದ್ರ ಡಿಸ್ಕ್ ತಿರುಗಾಕ ಹೋಗಿ ಟಕ್ ಟಕ್ ಅಂತದ. ಆಮ್ಯಾಲ ಡಿಸ್ಕಿನ ಆರೋಗ್ಯ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಸಾಫ್ಟ್‌ವೇರ್‌ದಾಗ ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ನೋಡ್ರಿ, ಅಂದ್ರ ಸರಿ ಓದಾಕ ಬರದ ಜಾಗ ಈಗ ಎಷ್ಟವ ಅನ್ನೋ ಲೆಕ್ಕ, ಅಲ್ಲಿ ಸೊನ್ನಿ ಬಿಟ್ಟು ಬ್ಯಾರೆ ಅಂಕಿ ಬಂದು ಅದು ಏರ್ಲಾಕತ್ತಿದ್ರ ಆ ಹುಡುಗಿಗಿ ಕೊಡಲೇಬ್ಯಾಡ್ರಿ, ಪರೀಕ್ಷಾ ಹೊತ್ತಿಗಿ ಕೈ ಕೊಡ್ತದ.

ಮತ್ತ ಬರೇ ಕ್ಲೀನ್ ಸಾಲಲ್ಲ, ಅದು ಪಾರ್ಟಿಷನ್ ಲೆಕ್ಕ ಅಷ್ಟೇ ಅಳಿಸ್ತದ, ರಿಕವರಿ ಸಾಫ್ಟ್‌ವೇರ್ ಹಾಕಿದ್ರ ವಿಡಿಯೋ ಎಲ್ಲ ಮ್ಯಾಲ ಬರ್ತಾವ. ಕ್ಲೀನ್ ಆಲ್ ಅನ್ರಿ, ಪೂರಾ ಡಿಸ್ಕ್ ಮ್ಯಾಲ ಸೊನ್ನಿ ಬರೀತದ. 3.0 ದಾಗ ಮೂರು ತಾಸಿನ ಆಜುಬಾಜು, 2.0 ಆದ್ರ ಒಂಬತ್ತು ತಾಸು ಹಿಡೀತದ. ಸ್ಲೀಪ್ ಬಂದ್ ಮಾಡಿಡ್ರಿ. ಮುಗಿದ ಮ್ಯಾಲ ಎಕ್ಸ್‌ಫ್ಯಾಟ್ ಅನ್ನೋ ನಮೂನಿ ಫಾರ್ಮ್ಯಾಟ್ ಮಾಡ್ರಿ, ಮ್ಯಾಕ್ ವಿಂಡೋಸ್ ಎರಡರಾಗೂ ಓಡ್ತದ, ಫ್ಯಾಟ್32 ಆದ್ರ 4 ಜಿಬಿಕಿಂತ ದೊಡ್ಡ ಫೈಲ್ ಹಿಡಿಯಲ್ಲ.

ಕಲಬುರಗಿ ವಿಡಿಯೋ
ಕೇಬಲ್‌ದೇ ತಪ್ಪು ಇತ್ತು ನೋಡ್ರಿ! ಹಿಂದಿನ ಪೋರ್ಟಿಗಿ ಹಚ್ಚಿ ಹೊಸ ಕೇಬಲ್ ಹಾಕಿದ ಮ್ಯಾಲ ಎರರ್ ಬರ್ಲಿಲ್ಲ, ಪೆಂಡಿಂಗ್ ಸೆಕ್ಟರ್ ಸೊನ್ನಿ ಅದ. ರಾತ್ರಿ ಹತ್ತಕ್ಕ ಕ್ಲೀನ್ ಆಲ್ ಹಚ್ಚಿದೆ, ಎಷ್ಟಾಯ್ತು ಅಂತ ಏನೂ ತೋರಿಸಲ್ಲ, ಡಿಸ್ಕಿನ ಲೈಟ್ ಮಾತ್ರ ಮಿಣಮಿಣ ಅಂತಿತ್ತು. ಹನ್ನೆರಡಕ್ಕ ಕರೆಂಟ್ ಹೋಯ್ತು, ಬಂದ ಮ್ಯಾಲ ಮತ್ತ ಮೊದಲಿಂದ ಹಚ್ಚಿ ಮಲಗ್ದೆ. ಮುಂಜಾನಿ ಎದ್ದು ನೋಡಿದ್ರ ಮುಗಿದಿತ್ತು. ರಿಕವರಿ ಸಾಫ್ಟ್‌ವೇರ್ ಹಾಕಿ ಹುಡುಕಿದೆ, ಒಂದು ಫೋಟೋನೂ ಬರ್ಲಿಲ್ಲ. ಎಕ್ಸ್‌ಫ್ಯಾಟ್ ಮಾಡೀನಿ, ಐತವಾರ ತಂಗಿ ಮನಿಗಿ ಒಯ್ದು ಕೊಡ್ತೀನಿ. ಇಬ್ಬರಿಗೂ ಭಾಳ ಉಪಕಾರ ಆಯ್ತ್ರಿ.