ಸಂಗೀತದ ‘ಸೀಸನ್’: ತಿರುಗಾಟವೋ, ಸಾಲೋ, ಹಂಗಾಮೋ?

ಮಿತ್ರರೇ,

‘ಸೀಸನ್’ ಎಂಬ ಪದ ನಾಲ್ಕು ದಿನಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದೆ, ಅದಕ್ಕೊಂದು ಕನ್ನಡ ಪದ ಬೇಕು. ಮುಂಬೈ ಕನ್ನಡಿಗರ ಮಾಸಿಕವೊಂದಕ್ಕೆ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನುಡಿಸುವ ಅಲ್ಲಿನ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದ ಮುಂದಿನ ಸೀಸನ್ನಿನ ಬಗ್ಗೆ ಒಂದು ಪುಟ ಬರೆದುಕೊಡಬೇಕು. ತಲೆಬರಹವಾಗಿ ‘ಹೊಸ ಋತುವಿನ ಕಚೇರಿಗಳು’ ಎಂದು ಬರೆದೆ. ಪಕ್ಕದಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ನಮ್ಮ ಅತ್ತೆ ಹಾಳೆಯತ್ತ ಕಣ್ಣು ಹಾಯಿಸಿ, “ಇದೇನು, ಹವಾಮಾನ ಇಲಾಖೆಯವರದೇ?” ಎಂದರು. ಅವರ ತಪ್ಪೇನೂ ಇಲ್ಲ. ಕಚೇರಿ ಎಂದೊಡನೆ ತಾಲ್ಲೂಕು ಕಚೇರಿ, ಋತು ಎಂದೊಡನೆ ಮಳೆ ಬಿಸಿಲು. ಋತುವಿಗೆ ಮೈನೆರೆಯುವ ಅರ್ಥವೂ ಇರುವುದರಿಂದ ‘ವಾದ್ಯವೃಂದದ ಋತು’ ಎಂದು ಬರೆಯಲು ನನಗೆ ಕೈ ಬರಲಿಲ್ಲ.

ಯುರೋಪು, ಅಮೆರಿಕದ ವಾದ್ಯವೃಂದಗಳಲ್ಲಿ ಸೀಸನ್ ಸಾಮಾನ್ಯವಾಗಿ ಸೆಪ್ಟೆಂಬರಿನ ಹೊತ್ತಿಗೆ ಶುರುವಾಗಿ ಮರುವರ್ಷದ ಮೇ ಅಥವಾ ಜೂನಿಗೆ ಮುಗಿಯುತ್ತದೆ. ಬೇಸಿಗೆಯಲ್ಲಿ ಸಭಾಂಗಣಕ್ಕೆ ಬಿಡುವು. ಬಾಸ್ಟನ್ನಿನವರಾದರೆ ಆಗ ತಮ್ಮ ಬೇಸಿಗೆಯ ತಾಣವಾದ ಟ್ಯಾಂಗಲ್‌ವುಡ್‌ಗೆ ಹೋಗಿ ನುಡಿಸುತ್ತಾರೆ. ಯಾವ ದಿನ ಯಾವ ಕೃತಿ, ನಡೆಸುವವರು ಯಾರು ಎಂಬುದು ತಿಂಗಳುಗಳ ಮೊದಲೇ ಗೊತ್ತಾಗಿರುತ್ತದೆ. ಎಷ್ಟೋ ಮಂದಿ ಕೇಳುಗರು ಮುಂಗಡವಾಗಿ ಚಂದಾ ಕಟ್ಟಿ ಕುರ್ಚಿ ಕಾದಿರಿಸಿಕೊಳ್ಳುತ್ತಾರೆ. ‘ಸರಣಿ’ ಎನ್ನೋಣವೆಂದರೆ ಒಂದು ಸೀಸನ್ನಿನೊಳಗೇ ನಾಲ್ಕಾರು ಸರಣಿಗಳಿರುತ್ತವೆ. ‘ಆವೃತ್ತಿ’ ಕ್ರಿಕೆಟ್ಟಿನವರ ಪಾಲಾಯಿತು. ಪತ್ರಿಕೆಗಳಿಗೆ ಪ್ರಿಯವಾದ ‘ಸಂಗೀತ ಸುಗ್ಗಿ’ಯಲ್ಲಿ ಸಂಭ್ರಮವಿದೆ, ಅವಧಿಯ ಲೆಕ್ಕವಿಲ್ಲ.

ಅರ್ಥಕ್ಕೆ ತೀರ ಹತ್ತಿರ ಬಂದದ್ದು ಯಕ್ಷಗಾನದ ‘ತಿರುಗಾಟ’. ದೀಪಾವಳಿ ಕಳೆದ ಮೇಲೆ ಗೆಜ್ಜೆ ಕಟ್ಟಿ ಹೊರಡುವ ತೆಂಕುತಿಟ್ಟಿನ (ಯಕ್ಷಗಾನದ ತೆಂಕಣ ಶೈಲಿಯ) ಮೇಳಗಳು ಮೇ ಕೊನೆಯಲ್ಲಿ, ತುಳುವರ ಪತ್ತನಾಜೆಯ ದಿನ, ಗೆಜ್ಜೆ ಬಿಚ್ಚುತ್ತವೆ. ಎರಡು ವರ್ಷಗಳಿಗೆ ಕಾಲು ಚಾಚಿದ ಅವಧಿ, ಮೊದಲೇ ಗೊತ್ತಾದ ಆಟಗಳು, ಕೊನೆಗೆ ಮಳೆಗಾಲದ ಬಿಡುವು, ಎಲ್ಲವೂ ಇದೆ. ‘ಈ ತಿರುಗಾಟಕ್ಕೆ ಭಾಗವತರು ಯಾರು?’ ಎಂದು ಕರಾವಳಿಯವರು ಕೇಳುವ ಹಾಗೆಯೇ ಪಶ್ಚಿಮದ ಊರುಗಳ ರಸಿಕರು ವಾದ್ಯವೃಂದವನ್ನು ನಡೆಸುವ ಕಂಡಕ್ಟರ್ ಯಾರು ಎಂದು ವಿಚಾರಿಸುತ್ತಾರೆ. ಆದರೆ ಮೇಳ ಊರೂರು ತಿರುಗುತ್ತದೆ, ವಾದ್ಯವೃಂದ ತನ್ನ ಸಭಾಂಗಣದಲ್ಲಿ ಕೂತಿರುತ್ತದೆ. ಕೂತವರದನ್ನೂ ತಿರುಗಾಟ ಎಂದರೆ, ಅವರು ನಿಜವಾಗಿ ಪ್ರವಾಸ ಹೊರಟ ದಿನ ಏನೆನ್ನುವುದು?

(ಕಂಡಕ್ಟರ್ ಪದವನ್ನು ನಾನು ಹಾಗೆಯೇ ಬಿಟ್ಟಿದ್ದೇನೆ. ‘ನಿರ್ವಾಹಕ’ ಎಂದರೆ ಬಸ್ಸಿನಲ್ಲಿ ಟಿಕೆಟ್ ಹರಿಯುವವರು, ‘ಸಂಗೀತ ನಿರ್ದೇಶಕ’ ಎಂದರೆ ಸಿನಿಮಾದವರು. ‘ಆರ್ಕೆಸ್ಟ್ರಾ’ ಎಂದರೂ ಕಣ್ಣೆದುರು ಬರುವುದು ಗಣೇಶನ ಪೆಂಡಾಲಿನ ಮುಂದೆ ಚಿತ್ರಗೀತೆ ಹಾಡುವ ತಂಡ. ಹೆಸರಿನಲ್ಲಿ ಇರುವ ಕಡೆ ಬಿಟ್ಟು ಉಳಿದೆಡೆ ಆಕಾಶವಾಣಿಯಿಂದ ಕಿವಿಗೆ ಪಳಗಿದ ‘ವಾದ್ಯವೃಂದ’ವನ್ನೇ ಬಳಸಿದ್ದೇನೆ.)

ಇನ್ನು ‘ಸಾಲು’. ‘2026–27ನೆಯ ಸಾಲಿನ ಆಯವ್ಯಯ’ ಎನ್ನುವಾಗಿನ ಸಾಲು. ಪಂಕ್ತಿ ಎಂಬರ್ಥದ ನಮ್ಮ ಸಾಲಿಗೂ ಇದಕ್ಕೂ ನಂಟಿಲ್ಲ. ಇದು ವರ್ಷ ಎಂಬರ್ಥದ ಪಾರಸಿಯ ‘ಸಾಲ್’. ಅರ್ಥವೇನೋ ಕರಾರುವಾಕ್ಕಾಗಿದೆ. ಆದರೆ ‘2026–27ನೆಯ ಸಾಲಿನ ಸಿಂಫನಿಗಳು’ ಎಂದು ಬರೆದು ಓದಿಕೊಂಡರೆ ಬೀಥೋವನ್ನನಿಗೂ ಟೆಂಡರ್ ಕರೆದ ಹಾಗೆ ಕೇಳಿಸುತ್ತದೆ.

ಅಲ್ಲದೆ ಮುಂಬೈಯ ಲೆಕ್ಕವೇ ಬೇರೆ. ನರೀಮನ್ ಪಾಯಿಂಟಿನ ಎನ್‌ಸಿಪಿಎಯಲ್ಲಿ (ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರ) 2006ರಲ್ಲಿ ಖುಶ್ರೂ ಸಂತೂಕ್ ಮತ್ತು ಕಜಾಕಸ್ತಾನದ ಪಿಟೀಲು ವಾದಕ ಮರಾತ್ ಬಿಸೆಂಗಾಲಿಯೆವ್ ಕಟ್ಟಿದ ಈ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದಲ್ಲಿ ಇಲ್ಲೇ ನೆಲೆಸಿರುವ ವಾದಕರ ಜೊತೆಗೆ ಹೊರದೇಶಗಳಿಂದ ಬಂದು ಸೇರಿಕೊಳ್ಳುವವರೂ ಇದ್ದಾರೆ. ಇವರ ಮುಖ್ಯ ಸೀಸನ್ ವರ್ಷಕ್ಕೆ ಎರಡು: ಫೆಬ್ರವರಿಯ ಆಸುಪಾಸಿನಲ್ಲಿ ಒಂದು, ಸೆಪ್ಟೆಂಬರಿನ ಆಸುಪಾಸಿನಲ್ಲಿ ಇನ್ನೊಂದು. ಆ ಕೆಲವು ವಾರಗಳಲ್ಲಿ ಜಮ್ಷೇಡ್ ಭಾಭಾ ರಂಗಮಂದಿರದಲ್ಲಿ ಒಂದರ ಹಿಂದೆ ಒಂದು ಕಚೇರಿ.

ವರ್ಷಕ್ಕೆ ಎರಡು ಎಂದ ಕೂಡಲೇ ಮುಧೋಳ ಕಡೆಯವನಾದ ನನಗೆ ಹೊಳೆದದ್ದು ‘ಹಂಗಾಮು’. ಮುಂಗಾರು ಹಂಗಾಮು, ಹಿಂಗಾರು ಹಂಗಾಮು, ಕಬ್ಬು ನುರಿಸುವ ಹಂಗಾಮು. ಕೆಲಸ ಒತ್ತೊತ್ತಾಗಿ ಬಂದು ಮುಗಿದುಹೋಗುವ ಕಾಲ ಎಂಬ ಭಾವ ಅದರಲ್ಲಿದೆ. ಕಬ್ಬು ಕಡಿಯುವ ತಂಡಗಳು ದೂರದ ಜಿಲ್ಲೆಗಳಿಂದ ಬಂದು, ಗದ್ದೆಯಂಚಿನಲ್ಲಿ ಗುಡಿಸಲು ಹಾಕಿಕೊಂಡು, ಹಂಗಾಮು ಮುಗಿದೊಡನೆ ಗಂಟು ಕಟ್ಟಿ ಹೊರಡುವುದನ್ನು ಚಿಕ್ಕಂದಿನಿಂದ ಕಂಡಿದ್ದೇನೆ. ವಯೊಲಾ, ಬಸೂನ್ ವಾದ್ಯಗಳ ಪೆಟ್ಟಿಗೆ ಹಿಡಿದು ವಿಮಾನ ಇಳಿಯುವವರಿಗೂ ಈ ಪದ ಹೊಂದುತ್ತದೆ ಎನ್ನಿಸಿತು. ಖುಷಿಯಿಂದ ‘ಫೆಬ್ರವರಿ ಹಂಗಾಮಿನ ಸಂಗೀತ’ ಎಂದು ಓದಿ ಹೇಳಿದೆ. ಮೈಸೂರಿನ ಅತ್ತೆ ಕೇಳಿದರು: “ಹಂಗಾಮಿ ಮುಖ್ಯಮಂತ್ರಿ ಎನ್ನುತ್ತಾರಲ್ಲ, ಅದೇ?”

ಅಲ್ಲಿಗೆ ನನ್ನ ಉತ್ಸಾಹ ಅರ್ಧಕ್ಕಿಳಿಯಿತು. ಎರಡೂ ಒಂದೇ ಬುಡದ ಪದಗಳು, ಸದ್ಯಕ್ಕಷ್ಟೇ ಇರುವವನು ಹಂಗಾಮಿ. ಹಳೇ ಮೈಸೂರಿನ ಕಡೆಯ ಓದುಗರಿಗೆ ಹಂಗಾಮು ಎಂದೊಡನೆ ಈ ‘ತಾತ್ಕಾಲಿಕ’ದ ವಾಸನೆಯೇ ಮೊದಲು ಬಡಿಯುತ್ತದೆಯೇ? ಅಥವಾ ಕೃಷಿ ಪುಟಗಳನ್ನು ಓದಿ ಅಲ್ಲಿಯೂ ಪದ ಪಳಗಿದೆಯೇ? ಬೆಂಗಳೂರು, ಹಾಸನ, ಮಂಡ್ಯದವರು ದಯವಿಟ್ಟು ತಿಳಿಸಿ. ಕರಾವಳಿಯವರು ತಿರುಗಾಟ ಎಂಬ ಪದವನ್ನು ಮೇಳದ ಹೊರಗೆ ಎಲ್ಲಾದರೂ ಬಳಸಿದ್ದು ಉಂಟೇ?

ಇನ್ನೊಂದು ವಿಚಾರಣೆ ಮೈಸೂರಿನವರಿಗೇ. ದಸರಾದಲ್ಲಿ ಇಂದಿಗೂ ಪೊಲೀಸರ ಕರ್ನಾಟಕ ವಾದ್ಯವೃಂದದ ಜೊತೆ ಆಂಗ್ಲ ವಾದ್ಯವೃಂದವೂ ನುಡಿಸುತ್ತದೆ. ಜಯಚಾಮರಾಜ ಒಡೆಯರಂತೂ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದವರು. 1950ರಲ್ಲಿ ಜರ್ಮನ್ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿಗೆ ಕೇಳಿಬಂದದ್ದು ಅವರ ನೆರವಿನಿಂದ. ಆ ಸುದ್ದಿಗಳನ್ನು ಅಂದಿನ ಮೈಸೂರು ಪತ್ರಿಕೆಗಳು ಕನ್ನಡದಲ್ಲಿ ಬರೆದಿದ್ದರೆ ಸೀಸನ್ನಿಗೆ ಏನೆಂದಿರಬಹುದು? ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಪತ್ರಿಕೆಯ ತುಣುಕೋ ದಸರಾ ಆಹ್ವಾನಪತ್ರಿಕೆಯೋ ಇದ್ದರೆ ಒಮ್ಮೆ ನೋಡಿ ಹೇಳಿ.

ಪುಟ ಶುಕ್ರವಾರ ಅಚ್ಚಿಗೆ ಹೋಗುತ್ತದೆ. ತಲೆಬರಹದ ಜಾಗ ಖಾಲಿ ಬಿಟ್ಟಿದ್ದೇನೆ.