ಫ್ಲಾಟ್ ಯೂನಿವರ್ಸ್‌ಗೆ ಕನ್ನಡ ಪದ ಬೇಕು (ಅರ್ಜೆಂಟ್)

ಮಂಡ್ಯದಿಂದ:
ನಮ್ಮ ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ ಇದೆ. ಫ್ಲೆಕ್ಸ್ ನಾಳೆ ಪ್ರಿಂಟಿಗೆ ಹೋಗಬೇಕು. ‘ಫ್ಲಾಟ್ ಯೂನಿವರ್ಸ್’, ‘ಅಬ್ಸರ್ವಬಲ್ ಯೂನಿವರ್ಸ್’ ಎರಡಕ್ಕೂ ಮಕ್ಕಳಿಗೆ ತಿಳಿಯುವ ಪದ ಹೇಳಿ. ‘ಚಪ್ಪಟೆ ವಿಶ್ವ’ ಅಂತ ಬರೆದಿದ್ದೆವು, ಎಲ್ಲರೂ ತಟ್ಟೆಯ ಚಿತ್ರ ಬರೆದು ತಂದಿದ್ದಾರೆ. ಇನ್ನೊಂದು ಫಲಕ ‘ವಿಶ್ವಕ್ಕೆ ಕೇಂದ್ರವಿಲ್ಲ’. ಅದು ಸರಿ ತಾನೆ?

ಮೈಸೂರು, ಕುವೆಂಪುನಗರದಿಂದ:
‘ಚಪ್ಪಟೆ’ ಬೇಡವೇ ಬೇಡ. ಅದು ದಪ್ಪ ಇಲ್ಲದ್ದಕ್ಕೆ ಹೇಳುವ ಮಾತು. ಇಲ್ಲಿರುವುದು ರೇಖಾಗಣಿತ. ಎಷ್ಟೇ ದೊಡ್ಡ ತ್ರಿಕೋನ ಎಳೆದರೂ ಮೂರು ಕೋನ ಸೇರಿ 180 ಡಿಗ್ರಿಯೇ ಬರಬೇಕು. ಭೂಮಿಯ ಮೈಮೇಲೆ ಎಳೆದರೆ ಜಾಸ್ತಿ ಬರುತ್ತದೆ. ‘ಬಾಗದ ವಿಶ್ವ’ ಅನ್ನಿ, ಮುಗಿಯಿತು.

ಮೈಸೂರು, ಸರಸ್ವತಿಪುರಂನಿಂದ:
ಮುಗಿಯಲಿಲ್ಲ. ಸೂರ್ಯನ ಪಕ್ಕ ಬೆಳಕು ಬಾಗುವುದನ್ನು 1919ರ ಗ್ರಹಣದಲ್ಲೇ ಅಳೆದರು. ಆಮೇಲೂ ‘ಬಾಗದ’ ಅಂದರೆ ಹೇಗೆ? ಒಟ್ಟಾರೆ ನೋಡಿದಾಗ ಬಾಗಿಲ್ಲ, ಅಷ್ಟೇ. ವಿಶ್ವದ ಅತಿ ಹಳೆಯ ಬೆಳಕನ್ನು ಅಳೆಯಲು 2009ರಲ್ಲಿ ಹಾರಿಸಿದ ಪ್ಲಾಂಕ್ ಉಪಗ್ರಹದ ಅಳತೆಯೂ ಇದನ್ನೇ ಹೇಳುತ್ತದೆ. ಮಂಡ್ಯದವರಿಗೆ ‘ಮಟ್ಟಸ’ ಗೊತ್ತಿಲ್ವಾ? ಗದ್ದೆಯಲ್ಲಿ ಅಲ್ಲಲ್ಲಿ ಹೆಂಟೆ ಇದ್ದರೂ ಗದ್ದೆ ಮಟ್ಟಸ ಅಂತಲೇ ಹೇಳುತ್ತೇವೆ. ‘ಮಟ್ಟಸ ವಿಶ್ವ’ ಹಾಕಿ. ಆದರೆ ಮಟ್ಟಸ ಅಂದ ಮಾತ್ರಕ್ಕೆ ಕೊನೆಯೇ ಇಲ್ಲ ಅಂತ ಬರೆದುಬಿಡಬೇಡಿ. ಅದು ಇನ್ನೂ ತೀರ್ಮಾನವಾಗಿಲ್ಲ.

ಇನ್ನೊಂದಕ್ಕೆ ‘ಕಾಣುವ ವಿಶ್ವ’ ಸಾಕು. ಎಲ್ಲಿಂದ ಬೆಳಕು ನಮ್ಮನ್ನು ತಲುಪಲು ಸಾಧ್ಯವಾಗಿದೆಯೋ ಅಷ್ಟು ಭಾಗ ಅದು. ಅಡ್ಡಳತೆ ಸುಮಾರು 9300 ಕೋಟಿ ಜ್ಯೋತಿರ್ವರ್ಷ. ವಯಸ್ಸು 1380 ಕೋಟಿ ವರ್ಷ ಮಾತ್ರ, ಅಷ್ಟು ದೂರ ಹೇಗೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಬೆಳಕು ದಾರಿಯಲ್ಲಿ ಇರುವಾಗಲೇ ಜಾಗ ಹಿಗ್ಗುತ್ತಾ ಹೋಯಿತು ಅಂತ ಕೆಳಗೆ ಸೇರಿಸಿ. ಕೇಂದ್ರದ ಫಲಕಕ್ಕೂ ‘ಇಡೀ’ ಸೇರಿಸಬೇಕು. ಕಾಣುವ ವಿಶ್ವಕ್ಕೆ ಕೇಂದ್ರ ಇದೆ, ನೋಡುವವರು ನಿಂತ ಜಾಗವೇ ಅದು. ನಿಮಗೆ ಮಂಡ್ಯ. ಬೇರೆ ಗೆಲಾಕ್ಸಿಯಲ್ಲಿ ನಿಂತವರಿಗೂ ಉಳಿದ ಗೆಲಾಕ್ಸಿಗಳು ಹೀಗೇ ದೂರ ಸರಿಯುತ್ತಾ ಕಾಣುತ್ತವೆ. ಹಾಗಾಗಿ ‘ಇಡೀ ವಿಶ್ವಕ್ಕೆ ಕೇಂದ್ರವಿಲ್ಲ’.

ಶ್ರೀರಂಗಪಟ್ಟಣದಿಂದ:
‘ಮಟ್ಟಸ’ದಂಥ ಚಿನ್ನದ ಪದ ಕೊಟ್ಟು, ಪಕ್ಕದಲ್ಲೇ ‘ಕೇಂದ್ರ’! ‘ನಡು’ ಏನು ತಪ್ಪು ಮಾಡಿತ್ತು? ಈ ಸಂಸ್ಕೃತದ ಸಾಲ ಯಾವಾಗ ತೀರಿಸುತ್ತೀರಿ?

ಕುವೆಂಪುನಗರದಿಂದ:
‘ವಿಶ್ವಕ್ಕೆ ನಡುವಿಲ್ಲ’ ಅಂತ ಬರೆಸಿ ಸಾರ್, ಬಂದವರು ಸೊಂಟ ಹುಡುಕಲಿ. ‘ಕೇಂದ್ರ’ ಸಂಸ್ಕೃತದ ಸ್ವಂತ ಆಸ್ತಿಯೂ ಅಲ್ಲ. ಗ್ರೀಕಿನ ‘ಕೆಂಟ್ರಾನ್’ ಅದು. ಜ್ಯೋತಿಷ್ಯದ ಜೊತೆ ಬಂತು, ಇಲ್ಲೇ ನೆಲೆಸಿತು.

ಶ್ರೀರಂಗಪಟ್ಟಣದಿಂದ:
ಹಾಗಾದರೆ ಸಾಲ ತಂದವರ ಹತ್ತಿರ ಸಾಲ. ಇನ್ನೂ ಚೆನ್ನಾಯಿತು.

ಮಂಡ್ಯದಿಂದ:
‘ಮಟ್ಟಸ’, ‘ಕಾಣುವ’ ಎರಡನ್ನೂ ತೆಗೆದುಕೊಂಡೆ. ಕೇಂದ್ರವೂ ಬೇಡ, ನಡುವೂ ಬೇಡ, ‘ಮಧ್ಯ’ ಅಂತ ಕಳಿಸಿದ್ದೇನೆ.

ಶ್ರೀರಂಗಪಟ್ಟಣದಿಂದ:
ಅದೂ ಸಂಸ್ಕೃತ.

ಸರಸ್ವತಿಪುರಂನಿಂದ:
ಮೇಡಂ, ಪ್ರೂಫ್ ತರಿಸಿ ನೋಡಿ. ‘ಧ’ದ ಹೊಟ್ಟೆ ಸೀಳದೆ ಬಿಟ್ಟರೆ ‘ಇಡೀ ವಿಶ್ವಕ್ಕೆ ಮದ್ಯವಿಲ್ಲ’ ಅಂತ ಆಗುತ್ತದೆ.